ಮಗ್ಗಲು

ಅಕ್ಕಲಕೋಟದ ಹಳೇ ಜನಾನಾ ದವಾಖಾನೆ.
ನನ್ನ ಕೆಲಸ ಇಷ್ಟೇ: ಟೇಪು ಹಿಡಿಯುವುದು,
ಕನ್ನಡದಲ್ಲಿ ಎಣಿಸಿ
ಅಳತೆ ಪುಸ್ತಕಕ್ಕೆ ಮರಾಠಿಯಲ್ಲಿ ಇಳಿಸುವುದು.

ಮೊದಲ ವಾರ ಬರೀ ಕಳಚಿದೆವು.
ಯಾವ ಕಾಲದ ರಿಪೇರಿಯೋ, ಗೋಡೆಗೆ ಬಳಿದ ಸಿಮೆಂಟು
ಬೂದಿಬಣ್ಣದ ಹಪ್ಪಳವಾಗಿ ಬಿತ್ತು.
ಹಿಂದೆ ಇಟ್ಟಿಗೆ ಬೆವತು ಕೂತಿತ್ತು.
ಮುಟ್ಟಿದರೆ ಕೈಗೆ ಉಪ್ಪು,
ಒತ್ತಿದರೆ ಗೋಧಿರವೆಯಂತೆ ಉದುರು.

ಗೌಂಡಿ ಲಾಡ್ಲೇಸಾಬ
ಬೆರಳ ಗೆಣ್ಣಿನಿಂದ ಒಂದೊಂದನ್ನೂ ಬಡಿದು ನೋಡಿದ,
ತಲೆ ವಾಲಿಸಿ, ಸಂತೆಯಲ್ಲಿ ಕಲ್ಲಂಗಡಿ ಆರಿಸುವವನ ಹಾಗೆ.
‘ಇದು ಗಟ್ಟಿ. ಇದೂ ಗಟ್ಟಿ. ಇದು ಹೋತು.’
ಹೋದವಕ್ಕೆಲ್ಲ ನಾನು ಸೀಮೆಸುಣ್ಣದ ಕಾಟು ಹಾಕಿದೆ.
ಹೆರಿಗೆ ಕೋಣೆ ಮುಗಿಯುವಷ್ಟರಲ್ಲಿ ಗೋಡೆ
ದಡ್ಡ ಹುಡುಗನ ಲೆಕ್ಕದ ಹಾಳೆ.

ಸೊಲ್ಲಾಪುರದಿಂದ ಸಾಹೇಬರು ಬಂದು
ಹೊಸ ಇಟ್ಟಿಗೆ ತರಿಸಿ ಅಂದರು, ಒಂದೇ ಅಚ್ಚಿನವು.
ಲಾಡ್ಲೇಸಾಬ ಹಳೆಯದೊಂದನ್ನು ಬಿಡಿಸಿ ಕೈಗಿತ್ತ:
ತೆಳ್ಳಗೆ, ಅಂಗೈಯಗಲ,
ಮೂಲೆಯಲ್ಲಿ ಯಾರದೋ ಹೆಬ್ಬೆರಳು ಹಸಿಯಲ್ಲೇ ಒತ್ತಿ ಬೆಂದಿತ್ತು.
‘ಈ ಅಳತಿ ಭಟ್ಟಿ ಈಗ ಎಲ್ಲೂ ಇಲ್ರಿ.’
ಸಾಹೇಬರು ಗಡಿಯಾರ ನೋಡಿದರು.

ಅಂಗಳದ ಗುಂಡಿಯಲ್ಲಿ ಸುಣ್ಣ ಕಳಿಯುತ್ತಿತ್ತು,
ಪಕ್ಕದ ಪೀಪಾಯಿಯಲ್ಲಿ ಬೆಲ್ಲದ ನೀರು, ಅಳಲೆಕಾಯಿಯ ನೀರು.
ಜೇನುನೊಣಗಳಿಗೆ ಸುದ್ದಿ ಯಾರು ಮುಟ್ಟಿಸಿದರೋ.
ಅವನ್ನು ಸೆರಗಿನಿಂದ ಓಡಿಸುತ್ತ ಬಂದ ತಂಗೆವ್ವ
ಗಾರೆ ಬುಟ್ಟಿ ಇಳಿಸಿ
ಸಾಹೇಬರ ಕೈಯ ಇಟ್ಟಿಗೆಯನ್ನು, ಕೇಳದೆ, ಹೊರಳಿಸಿದಳು.
ಹಿಂಬದಿ
ನಿನ್ನೆ ಭಟ್ಟಿಯಿಂದ ಇಳಿದಂಥ ಕೆಂಪು.

‘ನಮ್ಮತ್ತಿ ನಾಕ ವರ್ಷ ಹಾಸಗಿ ಹಿಡದಿದ್ಲರಿ.
ಬೆನ್ನ ತುಂಬ ಹುಣ್ಣ.
ಡಾಕ್ಟರಬಾಯಿ ಔಷಧ ಬರೀಲಿಲ್ಲ,
ಎರಡ ತಾಸಿಗೊಮ್ಮಿ ಮಗ್ಗಲಾ ಬದಲ ಮಾಡು ಅಂದ್ಲು.
ಮಾಡೀನಿ. ರಾತ್ರಿ ಅಲಾರಾಮ ಇಟಗೊಂಡು.
ಇವನ್ನೂ ಹೊರಳಸ್ರಿ.’

ಸಾಹೇಬರು ದರಪಟ್ಟಿ ತಿರುವಿದರು.
ಕೆಡವುವುದಕ್ಕೆ ದರ ಇದೆ, ಹೊಸದು ಕಟ್ಟುವುದಕ್ಕೂ ಇದೆ,
ಹೊರಳಿಸುವುದಕ್ಕೆ ಇಲ್ಲ.
‘ಏನಾದರೂ ಬರೀರಿ’ ಎಂದು ಜೀಪು ಹತ್ತಿದರು.

ಹನ್ನೊಂದು ದಿನ ಹಿಡಿಯಿತು.
ಒಂದನ್ನು ಬಿಡಿಸು, ಉಪ್ಪು ಉಜ್ಜು, ನೀರಲ್ಲಿ ಅದ್ದು,
ಗುಳ್ಳೆ ನಿಲ್ಲುವ ತನಕ ಕಾಯಿ,
ಬೆನ್ನು ಮುಂದೆ ಮಾಡಿ ಕೂಡಿಸು.
ಎರಡೂ ಬದಿ ಸತ್ತವನ್ನು ಕುಟ್ಟಿ ಸುರಕಿ ಮಾಡಿ
ಗಾರೆಗೇ ಬೆರೆಸಿದೆವು. ಏನೂ ಹೊರಗೆ ಹೋಗಲಿಲ್ಲ.

ಕಿಟಕಿಯ ಕೆಳಗಿನ ಒಂದರ ಮೇಲೆ
ಮೊಳೆಯಿಂದ ಗೀಚಿದ ಗೆರೆಗಳಿದ್ದವು.
ಏಳು. ಎಂಟನೆಯದು ಅರ್ಧ ಉದುರಿತ್ತು,
ಅಥವಾ ಗೀಚಿದವಳೇ ಅರ್ಧಕ್ಕೆ ಬಿಟ್ಟಿದ್ದಳು.
ದಿನಗಳೋ, ಬೇನೆಗಳೋ, ಬಸಿರುಗಳೋ.
ಲಾಡ್ಲೇಸಾಬ ನನ್ನ ಮುಖ ನೋಡಿದ.
ನಾನು ತಂಗೆವ್ವನ ಮುಖ ನೋಡಿದೆ.
ಅವಳು ಅದನ್ನು ಉಡಿಯಲ್ಲಿ ಒರೆಸಿ
ಗೆರೆ ಒಳಗಾಗುವಂತೆ ಕೊಟ್ಟಳು.
‘ಬಿಸಲಿಗ್ಯಾಕ?’

ಸಂಜೆ ಪುಸ್ತಕ ತೆರೆದೆ.
ಮರಾಠಿಯಲ್ಲಿ ಬರೆದೆ:
ವೀಟಾಂಚೀ ಕೂಸ ಬದಲಲೀ.
ಅವರ ಕೂಸ ಅಂದರೆ ಮಗ್ಗಲು, ಬಸಿರಿಗೂ ಅದೇ ಮಾತು.
ಮಸಿ ಒಣಗುವ ಮೊದಲೇ ನನ್ನ ಕನ್ನಡದ ಕಿವಿ ಎದ್ದು ಕೂತಿತು:
ಹೆರಿಗೆ ಕೋಣೆಯಲ್ಲಿ ಕೂಸು ಬದಲಾಯಿತು
ಎಂದು ಬರೆದಿದ್ದೀಯಲ್ಲೋ, ಪೊಲೀಸರು ಬಂದಾರು!
ಒಬ್ಬನೇ ನಕ್ಕೆ.
ಹೊಡೆದುಹಾಕಲಿಲ್ಲ.

ನಗ: ಆರುನೂರ ಹನ್ನೆರಡು.
ದರ: ಖಾಲಿ.

ಹಾಜರಿಗೆ ಸಾಲಾಗಿ ನಿಂತರು.
ತಂಗೆವ್ವನ ಸರದಿ ಬಂದಾಗ ಮಸಿಯ ಡಬ್ಬಿ ಮುಂದೆ ಸರಿಸಿದೆ.
ಬೇಕಾಗಲಿಲ್ಲ.
ಹೆಬ್ಬೆರಳಿಗೆ ಸುರಕಿ ಮೆತ್ತಿತ್ತು,
ಹಾಗೇ ಒತ್ತಿ ಹೋದಳು.